ಮನೆಯಲ್ಲಿ ಗೇಮ್‌ಗೂ ಹಾಡಿಗೂ ಒಂದೇ ಹೆಡ್‌ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಡ್‌ಫೋನ್ ಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳುವುದು ಗೆಳೆಯರಿಗೆ ರೂಢಿಯಾಗಿಬಿಟ್ಟಿದೆ. ಅವರ ಗೆಳೆಯರೂ ಈಗ ಪತ್ರ ಬರೆಯುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅವರು ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಶುರುವಿಗೆ

ಗೇಮ್‌ಗೆ ಒಂದು, ಹಾಡಿಗೆ ಒಂದು ಅಂತ ಎರಡು ಹೆಡ್‌ಫೋನ್ ಬೇಕಾ?

ಬೇಡ. ಗೇಮ್‌ನ ಸದ್ದೂ ಸ್ಟುಡಿಯೋದಲ್ಲಿ ತಯಾರಾಗಿ ಬರುವುದೇ. ಬಾಗಿಲ ಕಿರುಗುಟ್ಟು, ಮಳೆ, ಗುಂಡಿನ ಸದ್ದು, ಹಿನ್ನೆಲೆ ಸಂಗೀತ ಎಲ್ಲವನ್ನೂ ಯಾರೋ ಕೂತು ಹದ ಮಾಡಿರುತ್ತಾರೆ. ಹಾಡನ್ನು ಇದ್ದ ಹಾಗೆ ಕೇಳಿಸುವ ಹೆಡ್‌ಫೋನ್ ಇದನ್ನೂ ಇದ್ದ ಹಾಗೇ ಕೇಳಿಸುತ್ತದೆ.

ಉಲ್ಟಾ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಬಾಂಬ್ ಸಿಡಿದಾಗ ಎದೆ ನಡುಗಲಿ ಅಂತ ಬಾಸ್, ಅಂದರೆ ಕೆಳದನಿ, ಉಬ್ಬಿಸಿದ ಹೆಡ್‌ಸೆಟ್‌ಗಳಿವೆ. ಅದರಲ್ಲಿ ಹಾಡು ಹಾಕಿದರೆ ಹಾಡುವವರು ಕಂಬಳಿ ಹೊದ್ದು ಕೂತ ಹಾಗೆ ಕೇಳುತ್ತದೆ. ಅದಕ್ಕೇ ನಾನು ಹೇಳುವುದು: ಹಾಡಿಗೆ ಒಳ್ಳೆಯದನ್ನು ಆರಿಸಿ, ಗೇಮ್‌ಗೂ ಅದು ಸರಿಹೋಗುತ್ತದೆ.

ಮಧ್ಯಮ ಬೆಲೆ ಅಂದ್ರೆ ಏನು ಲೆಕ್ಕ?

ಬೆಲೆ ಇವತ್ತು ಒಂದು, ರಿಯಾಯ್ತಿ ಬಂದಾಗ ಇನ್ನೊಂದು. ಅಂಕಿ ಬಿಟ್ಟು ಮೂರು ಗುರುತು ನೋಡಿ. ಪ್ಯಾಡ್ ಬಿಚ್ಚಿ ಹೊಸದು ಹಾಕಲು ಬರುತ್ತದಾ? ತಲೆಯ ಪಟ್ಟಿಯೊಳಗೆ ಲೋಹ ಇದೆಯಾ? ಅದೇ ಮಾಡೆಲ್ ನಾಲ್ಕಾರು ವರ್ಷದಿಂದ ಮಾರಾಟದಲ್ಲಿದೆಯಾ? ಈ ಮೂರಕ್ಕೂ ಹೌದು ಅನ್ನುವ ಹೆಡ್‌ಫೋನ್‌ಗಳು ಸಿಗಲು ಶುರುವಾಗುವ ಜಾಗವೇ ಮಧ್ಯಮ ಬೆಲೆ. ಅಲ್ಲಿಂದ ಮೇಲೆ ದುಡ್ಡು ಎರಡರಷ್ಟಾದರೂ ಸದ್ದು ಎರಡರಷ್ಟು ಚೆನ್ನಾಗುವುದಿಲ್ಲ.

ಗೇಮಿಂಗ್ ಹೆಡ್‌ಸೆಟ್‌ಗೂ ಬರೀ ಹೆಡ್‌ಫೋನ್‌ಗೂ ಏನು ವ್ಯತ್ಯಾಸ?

ಮೈಕ್. ಕೆಲವದರಲ್ಲಿ ಬಣ್ಣದ ದೀಪವೂ ಇರುತ್ತದೆ. ತಲೆ ಮೇಲಿರುವ ದೀಪವನ್ನು ನೀವು ನೋಡುವುದು ಯಾವಾಗ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದೇ ಬೆಲೆಯ ಎರಡನ್ನು ಪಕ್ಕ ಪಕ್ಕ ಇಟ್ಟರೆ, ಹೆಡ್‌ಸೆಟ್‌ನಲ್ಲಿ ಒಂದಷ್ಟು ದುಡ್ಡು ಮೈಕ್‌ಗೆ, ದೀಪಕ್ಕೆ, ಸಾಫ್ಟ್‌ವೇರ್‌ಗೆ ಹೋಗಿರುತ್ತದೆ. ಬರೀ ಹೆಡ್‌ಫೋನ್‌ನಲ್ಲಿ ಆ ಹಂಚಿಕೆ ಇಲ್ಲ. ಹಾಗಂತ ಹೆಡ್‌ಸೆಟ್ ಎಲ್ಲಾ ಕೆಟ್ಟವು ಅನ್ನಲಾರೆ. ದಿನಾ ರಾತ್ರಿ ಗೆಳೆಯರ ಜೊತೆ ಮಾತಾಡುತ್ತಲೇ ಆಡುವವರಿಗೆ, ಮೇಜಿನ ಮೇಲೆ ಇನ್ನೊಂದು ಮೈಕ್, ಇನ್ನೊಂದು ವೈರ್ ಬೇಡ ಅನ್ನುವವರಿಗೆ ಒಳ್ಳೆಯ ಹೆಡ್‌ಸೆಟ್ಟೇ ಅನುಕೂಲ. ಆದರೆ ಮೈಕ್ ಬಿಚ್ಚಿಡಲು ಬರುವಂಥದ್ದನ್ನು ನೋಡಿ. ಹಾಡು ಕೇಳುವಾಗ ಬಾಯ ಮುಂದೆ ಕಡ್ಡಿ ಇದ್ದರೆ ಕಿರಿಕಿರಿ.

ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್ ಅಂತಾರಲ್ಲ, ನನಗೆ ಯಾವುದು?

ಇದೊಂದು ಸರಿಯಾಗಿ ತೀರ್ಮಾನವಾದರೆ ಅರ್ಧ ಕೆಲಸ ಮುಗಿಯಿತು. ಕ್ಲೋಸ್ಡ್ ಬ್ಯಾಕ್‌ನಲ್ಲಿ ಕಿವಿಯ ಬಟ್ಟಲಿನ ಹಿಂಭಾಗ ಪೂರ್ತಿ ಮುಚ್ಚಿರುತ್ತದೆ. ಓಪನ್ ಬ್ಯಾಕ್‌ನಲ್ಲಿ ಅಲ್ಲಿ ಜಾಲರಿ ಇರುತ್ತದೆ, ಗಾಳಿಯೂ ಸದ್ದೂ ಆಚೆ ಈಚೆ ಓಡಾಡುತ್ತವೆ.

ಡ್ರೈವರ್, ಅಂದರೆ ಬಟ್ಟಲೊಳಗಿನ ಪುಟ್ಟ ಸ್ಪೀಕರ್, ಮುಂದಕ್ಕೆ ಎಷ್ಟು ಸದ್ದು ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಬಟ್ಟಲು ಮುಚ್ಚಿದ್ದರೆ ಹಿಂದಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದನ್ನು ಹತ್ತಿ, ಫೋಮ್ ಹಾಕಿ ತಡೆಯುತ್ತಾರಾದರೂ ಪೂರ್ತಿ ಹೋಗುವುದಿಲ್ಲ. ಜಾಲರಿ ಇದ್ದರೆ ಅದು ಹೊರಗೆ ಹೋಗಿಬಿಡುತ್ತದೆ. ಅದಕ್ಕೇ ಓಪನ್ ಬ್ಯಾಕ್‌ನಲ್ಲಿ ಸದ್ದು ತಲೆಯೊಳಗೆ ಕೂರದೆ ಸುತ್ತ ಹರಡಿದ ಹಾಗಿರುತ್ತದೆ. ಗೇಮ್‌ನಲ್ಲಿ ಯಾರು ಯಾವ ಕಡೆಯಿಂದ ಬಂದರು ಅಂತ ಗುರುತಿಸುವುದು ಹೆಚ್ಚಿನವರಿಗೆ ಸಲೀಸಾಗುತ್ತದೆ. ಕಿವಿಗೆ ಸೆಕೆಯೂ ಕಮ್ಮಿ.

ತೊಂದರೆ ಏನಪ್ಪಾ ಅಂದರೆ, ನೀವು ಕೇಳುವುದು ಪಕ್ಕದವರಿಗೂ ಕೇಳುತ್ತದೆ. ಪಕ್ಕದವರ ಮಾತು, ಫ್ಯಾನ್, ಟಿವಿ ಎಲ್ಲಾ ನಿಮಗೂ ಕೇಳುತ್ತವೆ. ಜೊತೆಗೆ ಬಾಸ್‌ನ ಗುದ್ದು ಸ್ವಲ್ಪ ಕಮ್ಮಿ.

ಹಾಗಾಗಿ ಹೆಡ್‌ಫೋನ್ ನೋಡುವ ಮುಂಚೆ ಕೋಣೆ ನೋಡಿ. ನೀವು ಆಡುವ ಹೊತ್ತಿಗೆ ಆ ಕುರ್ಚಿಯಲ್ಲೇ ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಏನೇನು ಕೇಳುತ್ತದೆ? ಯಾರು ಪಕ್ಕದಲ್ಲಿ ಮಲಗಿರುತ್ತಾರೆ? ನಿಮ್ಮದೇ ಕೋಣೆ, ಬಾಗಿಲು ಹಾಕಿಕೊಳ್ಳಬಹುದು ಅಂದರೆ ಓಪನ್ ಬ್ಯಾಕ್ ತಗೊಳ್ಳಿ. ಹಾಲ್‌ನ ಮೂಲೆಯಲ್ಲಿ ಕೂರುವವರು, ಮಗು ಮಲಗಿರುವ ಕೋಣೆಯಲ್ಲಿ ಆಡುವವರು ಕ್ಲೋಸ್ಡ್ ತಗೊಳ್ಳಿ. ನಾನು ಓಪನ್ ಬ್ಯಾಕ್ ಪಕ್ಷದವನು. ಆದರೂ ಮನೆಗೆ ನೆಂಟರು ಬಂದಾಗ ಅದು ಕಪಾಟಿಗೆ ಹೋಗುತ್ತದೆ.

ಕಿವಿ ಮೇಲೆ ಕೂರೋದಾ, ಕಿವಿ ಪೂರ್ತಿ ಮುಚ್ಚೋದಾ?

ಮನೆಯಲ್ಲಿ ಗಂಟೆಗಟ್ಟಲೆ ಹಾಕುವುದಾದರೆ ಪೂರ್ತಿ ಮುಚ್ಚುವುದೇ ಸರಿ. ಕಿವಿಯ ಮೇಲೆ ಕೂರುವುದು ಅರ್ಧ ಗಂಟೆಗೆ ಕಿವಿಯ ಅಂಚನ್ನು ನೋಯಿಸುತ್ತದೆ.

ಎರಡು ಗಂಟೆ ಹಾಕ್ಕೊಂಡ್ರೆ ತಲೆ ನೋವು ಬರುತ್ತೆ. ಹೆಡ್‌ಫೋನ್‌ದಾ, ನನ್ನದಾ?

ಬಹುಪಾಲು ಹೆಡ್‌ಫೋನ್‌ದೇ. ಎಲ್ಲಿ ನೋಯುತ್ತದೆ ಅನ್ನುವುದರಲ್ಲೇ ಕಾರಣ ಇದೆ.

ನೆತ್ತಿ ನೋಯುತ್ತಿದ್ದರೆ ತೂಕ ಜಾಸ್ತಿ, ಇಲ್ಲವೇ ಪಟ್ಟಿ ಸಣ್ಣದು. 250ರಿಂದ 300 ಗ್ರಾಂ ಒಳಗಿನದನ್ನು ಹೆಚ್ಚಿನವರು ಸಂಜೆಪೂರ್ತಿ ತಾಳಿಕೊಳ್ಳುತ್ತಾರೆ. 400 ಗ್ರಾಂ ಹತ್ತಿರ ಬಂದರೆ ಪಟ್ಟಿಯ ಆಕಾರ ತುಂಬಾ ಚೆನ್ನಾಗಿರಬೇಕು. ದವಡೆಯ ಹತ್ತಿರ ನೋಯುತ್ತಿದ್ದರೆ ಹಿಡಿತ ಬಿಗಿ. ಲೋಹದ ಪಟ್ಟಿ ಇದ್ದರೆ ರಾತ್ರಿ ಒಂದಷ್ಟು ಪುಸ್ತಕ ಜೋಡಿಸಿ, ಅದರ ಎರಡು ಬದಿಗೆ ಹೆಡ್‌ಫೋನ್ ಹಿಗ್ಗಿಸಿ ಇಟ್ಟರೆ ಕೆಲವು ದಿನದಲ್ಲಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಪಟ್ಟಿಗೆ ಈ ಪ್ರಯೋಗ ಬೇಡ, ಲಟಕ್ ಅನ್ನುತ್ತದೆ. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಪ್ಯಾಡ್‌ನ ಆಳ ಸಾಲದು, ದಪ್ಪ ಪ್ಯಾಡ್ ಬೇಕು.

ಕನ್ನಡಕದವರ ಕಷ್ಟ ಬೇರೆ. ಕಡ್ಡಿ ತಲೆಗೂ ಪ್ಯಾಡ್‌ಗೂ ನಡುವೆ ಸಿಕ್ಕಿ ಒತ್ತುತ್ತದೆ. ಅದು ಬಿಟ್ಟ ಸಂದಿಯಲ್ಲಿ ಬಾಸ್ ಸೋರಿಹೋಗುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ಹಾಡು ಕೇಳುತ್ತಾ ಕನ್ನಡಕ ತೆಗೆದು ನೋಡಿ. ವೆಲೂರ್ ಅನ್ನುವ ಮೆತ್ತನೆ ಬಟ್ಟೆಯ ಪ್ಯಾಡ್, ತೆಳು ಕಡ್ಡಿಯ ಕನ್ನಡಕ, ಇವೆರಡೂ ಸೇರಿದರೆ ನೋವು ಬಹಳ ಕಮ್ಮಿಯಾಗುತ್ತದೆ.

## ವೈರ್, ವೈರ್‌ಲೆಸ್, ಮೈಕ್

ಬ್ಲೂಟೂತ್ ಇದ್ರೆ ಸಾಲದಾ? ವೈರ್ ಕಾಟ ಯಾಕೆ?

ಹಾಡಿಗೆ ಸಾಕು. ಸಿನಿಮಾಗೂ ಸಾಕು, ಏಕೆಂದರೆ ಪ್ಲೇಯರ್ ಚಿತ್ರವನ್ನೇ ಸ್ವಲ್ಪ ತಡಮಾಡಿ ಸದ್ದಿಗೆ ಹೊಂದಿಸಿಕೊಳ್ಳುತ್ತದೆ. ಗೇಮ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲ, ನೀವು ಬಟನ್ ಒತ್ತಿದ ಮೇಲಷ್ಟೇ ಸದ್ದು ಹುಟ್ಟುವುದು.

ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಅಂದರೆ 200 ಮಿಲಿಸೆಕೆಂಡ್ ತಡವಾದರೆ ಪರದೆ 12 ಫ್ರೇಮ್ ಮುಂದೆ ಹೋಗಿರುತ್ತದೆ. ನೀವು ಬಾಗಿಲು ಒದ್ದಿರುತ್ತೀರಿ, ಒಳಗೆ ಕಾಲಿಟ್ಟ ಮೇಲೆ ಧಡ್ ಅನ್ನುತ್ತದೆ.

ವೈರ್ ಬೇಡವೇ ಬೇಡ ಅಂದರೆ ಸಣ್ಣ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ವೈರ್‌ಲೆಸ್ ತಗೊಳ್ಳಿ. ಅದರಲ್ಲಿ ತಡ ಸಾಮಾನ್ಯವಾಗಿ 20ರಿಂದ 40 ಮಿಲಿಸೆಕೆಂಡ್, ಆಡುವಾಗ ಗೊತ್ತಾಗುವುದಿಲ್ಲ. ಆದರೆ ವೈರ್‌ಲೆಸ್ ಯಾವುದೇ ಇರಲಿ, ಬ್ಯಾಟರಿಗೆ ವಯಸ್ಸಾಗುತ್ತದೆ. ವೈರ್‌ನ ಹೆಡ್‌ಫೋನ್‌ಗೆ ಆ ಚಿಂತೆ ಇಲ್ಲ. ಮನೆಯಲ್ಲಿ ಒಂದೇ ಕುರ್ಚಿಯಲ್ಲಿ ಕೂರುವವರಿಗೆ ನನ್ನ ಮತ ವೈರ್‌ಗೇ.

ಮೈಕ್ ಆನ್ ಆದ ತಕ್ಷಣ ಗೇಮ್ ಸದ್ದು ಹಳೇ ರೇಡಿಯೋ ಥರ ಆಗಿಬಿಡುತ್ತೆ. ಕೆಟ್ಟುಹೋಯ್ತಾ?

ಕೆಟ್ಟಿಲ್ಲ. ಬ್ಲೂಟೂತ್‌ನಲ್ಲಿ ಹಾಡಿನ ದಾರಿ ಬೇರೆ, ಫೋನ್ ಮಾತಿನ ದಾರಿ ಬೇರೆ. ಹಾಡಿನ ದಾರಿಯಲ್ಲಿ ಸದ್ದು ಒಂದೇ ಕಡೆಗೆ ಹೋಗುತ್ತದೆ, ಮೈಕ್‌ಗೆ ಜಾಗವಿಲ್ಲ. ಮೈಕ್ ಕೇಳಿದ ಕೂಡಲೇ ಕಂಪ್ಯೂಟರ್ ಮಾತಿನ ದಾರಿಗೆ ಹೊರಳುತ್ತದೆ. ಅಲ್ಲಿ ಎರಡೂ ಕಿವಿಗೆ ಒಂದೇ ಸದ್ದು, ಅದೂ ಸೆಕೆಂಡಿಗೆ 8,000 ಅಥವಾ 16,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆ, ಅಷ್ಟೇ. ಸಿಡಿಯಲ್ಲಿ ಅದು 44,100.

ಸುಲಭದ ದಾರಿ: ಹೆಡ್‌ಫೋನ್‌ನ ಮೈಕ್ ಬಿಟ್ಟು ಲ್ಯಾಪ್‌ಟಾಪ್‌ನ ಮೈಕ್ ಅಥವಾ ಬೇರೆ ಯುಎಸ್‌ಬಿ ಮೈಕ್ ಆರಿಸಿಕೊಳ್ಳಿ. ಸದ್ದು ತಕ್ಷಣ ತೆರೆದುಕೊಳ್ಳುತ್ತದೆ. ಎಲ್‌ಇ ಆಡಿಯೋ ಅನ್ನುವ ಹೊಸ ಬ್ಲೂಟೂತ್ ವ್ಯವಸ್ಥೆ ಈ ತೊಂದರೆಯನ್ನು ಬಗೆಹರಿಸುತ್ತದೆ, ಆದರೆ ಹೆಡ್‌ಫೋನ್, ಕಂಪ್ಯೂಟರ್ ಎರಡರಲ್ಲೂ ಅದು ಇರಬೇಕು.

ಗೆಳೆಯರು ಮಾತಾಡೋಕೆ ಶುರು ಮಾಡಿದ್ರೆ ಗೇಮ್ ಸದ್ದು ತಾನೇ ಇಳಿದುಹೋಗುತ್ತೆ, ಯಾಕೆ?

ಇದು ವಿಂಡೋಸ್‌ನ ಕಿತಾಪತಿ. ಕರೆ ಬಂದಾಗ ಉಳಿದ ಸದ್ದನ್ನು 80% ಇಳಿಸು ಅಂತ ಅದರಲ್ಲಿ ಮೊದಲೇ ಗುರುತು ಹಾಕಿರುತ್ತದೆ. ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು, ಕಮ್ಯುನಿಕೇಷನ್ಸ್ ಅನ್ನುವ ಪುಟದಲ್ಲಿ ‘ಏನೂ ಮಾಡಬೇಡ’ ಅನ್ನುವುದನ್ನು ಆರಿಸಿ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇರೋರು ಏನು ನೋಡಬೇಕು?

ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎರಡೂ ಮಾಮೂಲಿ ಬ್ಲೂಟೂತ್ ಹೆಡ್‌ಫೋನ್‌ಗೆ ನೇರವಾಗಿ ಜೋಡಣೆಯಾಗುವುದಿಲ್ಲ. ಇದು ಗೊತ್ತಿಲ್ಲದೆ ಕೊಂಡು ಪೇಚಾಡಿದವರು ಬಹಳ. ಎಕ್ಸ್‌ಬಾಕ್ಸ್ ಇನ್ನೂ ಹಟಮಾರಿ: ಅದರ ವೈರ್‌ಲೆಸ್ಸೇ ಬೇರೆ, ಹಾಗಾಗಿ ಡಬ್ಬಿಯ ಮೇಲೆ ಎಕ್ಸ್‌ಬಾಕ್ಸ್‌ಗೆ ಆಗುತ್ತದೆ ಅಂತ ಬರೆದಿದ್ದರಷ್ಟೇ ಡಾಂಗಲ್ ಹೆಡ್‌ಸೆಟ್ ಕೊಳ್ಳಿ. ನಿಂಟೆಂಡೋ ಸ್ವಿಚ್‌ಗೆ 2021ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಬ್ಲೂಟೂತ್ ಸದ್ದು ಬಂತು, ಬ್ಲೂಟೂತ್ ಮೈಕ್ ಬರಲಿಲ್ಲ.

ವೈರ್ ಇದ್ದರೆ ಈ ರಗಳೆಯೇ ಇಲ್ಲ. ಪಿಎಸ್5ನ ಕಂಟ್ರೋಲರ್‌ನಲ್ಲೂ ಎಕ್ಸ್‌ಬಾಕ್ಸ್‌ನ ಕಂಟ್ರೋಲರ್‌ನಲ್ಲೂ 3.5 ಮಿಲಿಮೀಟರ್ ಜ್ಯಾಕ್ ಇದೆ. ಚುಚ್ಚಿದರೆ ಮುಗಿಯಿತು.

ಮೈಕ್ ಇಲ್ಲದ ಹೆಡ್‌ಫೋನ್ ತಗೊಂಡ್ರೆ ಮಾತಾಡೋದು ಹೇಗೆ?

ಮೂರು ದಾರಿ ಇವೆ. ಮೇಜಿನ ಮೇಲೆ ಯುಎಸ್‌ಬಿ ಮೈಕ್ ಇಡುವುದು ಒಂದು. ದನಿ ಚೆನ್ನಾಗಿರುತ್ತದೆ, ಆದರೆ ಕೀಬೋರ್ಡ್‌ನ ಟಕಟಕವೂ ಜೊತೆಗೆ ಹೋಗುತ್ತದೆ. ಮೈಕನ್ನು ಕೀಬೋರ್ಡಿಗಿಂತ ಬಾಯಿಗೆ ಹತ್ತಿರ ತಂದರೆ ಸಾಕಷ್ಟು ಸರಿಹೋಗುತ್ತದೆ. ಇನ್ನೊಂದು, ಹೆಡ್‌ಫೋನ್‌ಗೆ ಅಂಟಿಸುವ ಮೈಕ್. ಆಂಟ್‌ಲಯನ್‌ನ ಮಾಡ್‌ಮೈಕ್ ಹೀಗೆ ಅಯಸ್ಕಾಂತದಿಂದ ಕೂರುತ್ತದೆ. ಮತ್ತೊಂದು, ಕೇಬಲ್‌ನಲ್ಲೇ ಮೈಕ್ ಇರುವಂಥದ್ದು. ವಿ-ಮೋಡಾ ಬೂಮ್‌ಪ್ರೋ ಅಂಥದ್ದು. ನಿಮ್ಮ ಹೆಡ್‌ಫೋನ್‌ನ ಕೇಬಲ್ ಬಿಚ್ಚಲು ಬರುವುದಾಗಿದ್ದು, ಅಲ್ಲಿ ಮಾಮೂಲಿ 3.5 ಮಿಲಿಮೀಟರ್ ತೂತು ಇದ್ದರೆ ಅದು ಕೂರುತ್ತದೆ. ಫಿಲಿಪ್ಸ್ ಎಸ್‌ಎಚ್‌ಪಿ9500ಗೆ ಹಾಕಿ ಬಳಸುವವರು ತುಂಬಾ ಜನ. ಆಡಿಯೋ-ಟೆಕ್ನಿಕಾ ಎಂ50ಎಕ್ಸ್‌ನಂಥವುಗಳಲ್ಲಿ ತಿರುಗಿಸಿ ಕೂರಿಸುವ 2.5 ಮಿಲಿಮೀಟರ್ ತೂತು ಇದೆ, ಅಲ್ಲಿ ಕೂರುವುದಿಲ್ಲ. ಕೊಳ್ಳುವ ಮುಂಚೆ ತೂತಿನ ಅಳತೆ ನೋಡಿ.

ಹೆಡ್‌ಸೆಟ್‌ಗೆ ಒಂದೇ ಪಿನ್ ಇದೆ, ನನ್ನ ಪಿಸಿಗೆ ಎರಡು ತೂತು. ಮೈಕ್ ಕೆಲಸ ಮಾಡ್ತಿಲ್ಲ

ಪಿನ್‌ನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿ. ಮೂರಿದ್ದರೆ ಎಡ, ಬಲ, ಮೈಕ್, ಗ್ರೌಂಡ್ ನಾಲ್ಕೂ ಒಂದೇ ಪಿನ್‌ನಲ್ಲಿವೆ. ಎರಡಿದ್ದರೆ ಮೈಕ್ ಇಲ್ಲ. ಮೂರು ಉಂಗುರದ್ದನ್ನು ಪಿಸಿಯ ಹಸಿರು ತೂತಿಗೆ ಚುಚ್ಚಿದರೆ ಸದ್ದು ಬರುತ್ತದೆ, ಮೈಕ್ ಬರುವುದಿಲ್ಲ. ವೈ ಆಕಾರದ ಸಣ್ಣ ಸ್ಪ್ಲಿಟರ್ ಬೇಕು. ಎರಡು ಹೆಡ್‌ಫೋನ್ ಹಾಕುವ ಸ್ಪ್ಲಿಟರ್ ಬೇರೆ, ಮೈಕ್ ಬೇರೆ ಮಾಡುವ ಸ್ಪ್ಲಿಟರ್ ಬೇರೆ. ನೋಡಲು ಎರಡೂ ಒಂದೇ ಥರ ಇರುತ್ತವೆ.

## ಸದ್ದಿನ ವಿಚಾರ

7.1 ಇಲ್ಲದಿದ್ರೆ ಹಿಂದಿಂದ ಬರೋ ಶತ್ರು ಗೊತ್ತಾಗಲ್ವಾ?

ಗೊತ್ತಾಗುತ್ತಾನೆ. 7.1 ಅಂದರೆ ಸುತ್ತ ಏಳು ಸ್ಪೀಕರ್, ಬಾಸ್‌ಗೆ ಇನ್ನೊಂದು ಇಟ್ಟ ಹಾಗೆ ಸದ್ದು ಕೇಳಿಸುವ ವ್ಯವಸ್ಥೆ. ಆದರೆ ನಿಮಗಿರುವುದೂ ಎರಡೇ ಕಿವಿ ಅಲ್ವಾ?

ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ. ಎಡಗಿವಿಗೆ ಅದು ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡವಾಗಿ, ತಲೆ ಅಡ್ಡ ಇರುವುದರಿಂದ ತುಸು ಮಂಕಾಗಿ ಮುಟ್ಟುತ್ತದೆ. ಮುಂದೆ, ಹಿಂದೆ, ಮೇಲೆ ಅನ್ನುವುದನ್ನು ಕಿವಿಯ ಆಲೆಯ ಮಡಿಕೆಗಳು ಸದ್ದಿಗೆ ಕೊಡುವ ಬಣ್ಣದಿಂದ ಮಿದುಳು ಊಹಿಸುತ್ತದೆ. ಈ ಬದಲಾವಣೆಗಳನ್ನು ಲೆಕ್ಕ ಹಾಕಿ ಎರಡೇ ಚಾನೆಲ್‌ನಲ್ಲಿ ಬೆರೆಸಬಹುದು. ಅದಕ್ಕೆ ಎಚ್‌ಆರ್‌ಟಿಎಫ್ ಅನ್ನುತ್ತಾರೆ. ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್‌ಗಳಲ್ಲಿ ಇದು ಗೇಮ್‌ನ ಒಳಗೇ ಇದೆ. ಪಿಎಸ್5ನಲ್ಲಿ ಟೆಂಪೆಸ್ಟ್ ಅನ್ನುವ ಹೆಸರಿನಲ್ಲಿ ಮಷಿನ್‌ನಲ್ಲೇ ಇದೆ, ಯಾವ ಸ್ಟೀರಿಯೋ ಹೆಡ್‌ಫೋನ್ ಹಾಕಿದರೂ ಸಿಗುತ್ತದೆ.

ಡಬ್ಬಿಯ ಮೇಲಿನ 7.1 ಹೆಚ್ಚಿನ ಕಡೆ ಸಾಫ್ಟ್‌ವೇರ್ ಕೆಲಸ. ಬಟ್ಟಲೊಳಗೆ ಏಳು ಸ್ಪೀಕರ್ ಇರುವುದಿಲ್ಲ. ಗೇಮ್ ಒಮ್ಮೆ ಲೆಕ್ಕ ಹಾಕಿ ಕೊಟ್ಟದ್ದನ್ನು ಹೆಡ್‌ಸೆಟ್‌ನ ಸಾಫ್ಟ್‌ವೇರ್ ಇನ್ನೊಮ್ಮೆ ತಿರುಚಿದರೆ ದಿಕ್ಕೆಲ್ಲ ಕಲಸುಮೇಲೋಗರ. ಬಾತ್‌ರೂಮಿನಲ್ಲಿ ನಿಂತು ಆಡಿದ ಹಾಗಿರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಆನ್ ಇಡಿ. ಹಾಡು ಕೇಳುವಾಗ ಎರಡನ್ನೂ ಆಫ್ ಮಾಡಿ.

ಹೆಜ್ಜೆ ಸದ್ದು ಚೆನ್ನಾಗಿ ಕೇಳಬೇಕು. ಏನು ನೋಡ್ಲಿ?

ಬಾಸ್ ಮಿತವಾಗಿರುವುದನ್ನು ನೋಡಿ. ಜೋರಾದ ಕೆಳದನಿ ತನಗಿಂತ ಮೇಲಿನ ಮೆಲುದನಿಗಳನ್ನು ಮುಚ್ಚಿಹಾಕುತ್ತದೆ. ಇದು ಕಿವಿಯ ಸ್ವಭಾವ. ಪಕ್ಕದಲ್ಲಿ ಗ್ರೆನೇಡ್ ಸಿಡಿದು ಗುಂಯ್ ಅನ್ನುವಾಗ ಜಲ್ಲಿ ಮೇಲಿನ ಹೆಜ್ಜೆ ಕಿವಿಗೆ ಬೀಳದಿರುವುದು ಅದಕ್ಕೇ. ಬಾಸ್ ಬೇಗ ಶುರುವಾಗಿ ಬೇಗ ನಿಲ್ಲುವ ಹೆಡ್‌ಫೋನ್‌ನಲ್ಲಿ ಹೆಜ್ಜೆ ತಾನಾಗಿ ಮೇಲೆ ಬರುತ್ತದೆ. ಟ್ರೆಬಲ್, ಅಂದರೆ ಮೇಲುದನಿ, ಏರಿಸಿದ ಹೆಡ್‌ಫೋನ್‌ನಲ್ಲೂ ಹೆಜ್ಜೆ ಎದ್ದು ಕೇಳುತ್ತದೆ, ಆದರೆ ಹಾಡಿನಲ್ಲಿ ‘ಸ’, ‘ಶ’ ಸೂಜಿಯಂತೆ ಚುಚ್ಚುತ್ತವೆ.

50 ಎಂಎಂ ಡ್ರೈವರ್, 40,000 ಹರ್ಟ್ಸ್, ಹೈ-ರೆಸ್ ಚೀಟಿ... ಇವುಗಳಲ್ಲಿ ಯಾವುದನ್ನ ನಂಬಲಿ?

ಯಾವುದನ್ನೂ ಅಷ್ಟಾಗಿ ಬೇಡ. 40 ಮಿಲಿಮೀಟರ್ ಡ್ರೈವರ್‌ನ ಒಳ್ಳೆಯ ಹೆಡ್‌ಫೋನ್ 50ರ ಕೆಟ್ಟದ್ದನ್ನು ಸುಲಭವಾಗಿ ಮೀರಿಸುತ್ತದೆ. ಮನುಷ್ಯರ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್, ವಯಸ್ಸಾದ ಹಾಗೆ ಮೇಲಿನ ಅಂಚು ಇಳಿಯುತ್ತಾ ಬರುತ್ತದೆ. ಹೈ-ರೆಸ್ ಚೀಟಿ ಜಪಾನ್ ಆಡಿಯೋ ಸೊಸೈಟಿಯದ್ದು. 40,000 ಹರ್ಟ್ಸ್‌ವರೆಗೆ ಸದ್ದು ಬರುತ್ತದೆ ಅನ್ನುವುದು ಅದರ ಮುಖ್ಯ ಷರತ್ತು. ಬಾವಲಿಗೆ ಉಪಯೋಗವಾದೀತು.

ಎಲ್ಲರೂ ಚೆನ್ನಾಗಿದೆ ಅಂದ ಹೆಡ್‌ಫೋನ್ ತಗೊಂಡೆ. ಬಾಸೇ ಇಲ್ಲ!

ಮೊದಲು ಪ್ಯಾಡ್ ಸರಿಯಾಗಿ ಕೂತಿದೆಯಾ ನೋಡಿ. ಕೂದಲು, ಕನ್ನಡಕ, ಕಿವಿಯೋಲೆ ಎಲ್ಲವೂ ಸಂದಿ ಬಿಡುತ್ತವೆ. ಕೈಯಿಂದ ಎರಡೂ ಬಟ್ಟಲನ್ನು ಮೆಲ್ಲಗೆ ಒತ್ತಿ, ಬಾಸ್ ಏಕಾಏಕಿ ಜಾಸ್ತಿಯಾದರೆ ತೊಂದರೆ ಸಂದಿಯದ್ದೇ.

ಆಗಲೂ ಬರದಿದ್ದರೆ ಒಂದು ವಾರ ಬಿಡಿ. ಉಬ್ಬಿಸಿದ ಬಾಸ್‌ಗೆ ಒಗ್ಗಿದ ಕಿವಿಗೆ ಸಮವಾಗಿರುವುದು ಸಪ್ಪೆ ಅನಿಸುತ್ತದೆ. ವಾರದ ನಂತರ ಹಳೆಯದನ್ನು ಹಾಕಿ ನೋಡಿ, ಹತ್ತೇ ಸೆಕೆಂಡಿಗೆ ತೆಗೆದಿಡುತ್ತೀರಿ. ಹಾಗೆ ತೆಗೆದಿಡಲಿಲ್ಲ, ಹಳೆಯದೇ ಹಿತ ಅನಿಸಿತು ಅಂದರೆ ನಿಮಗೆ ಬಾಸ್ ಇಷ್ಟ. ಅದರಲ್ಲಿ ನಾಚಿಕೆ ಏನಿಲ್ಲ, ವಾಪಸ್ ಕೊಟ್ಟು ಬೇರೆ ತಗೊಳ್ಳಿ.

ಹತ್ತು ನಿಮಿಷ ಕೇಳಿ ನೋಡೋ ಅವಕಾಶ ಸಿಕ್ಕಿದ್ರೆ ಏನು ಕೇಳಲಿ?

ಗೊತ್ತಿರುವ ಹಾಡು. ನೂರು ಸಲ ಕೇಳಿ ಬಾಯಿಪಾಠವಾದದ್ದು. ಹೆಡ್‌ಫೋನ್ ತೋರಿಸಲೆಂದೇ ಇಟ್ಟಿರುವ ಹಾಡು ಬೇಡ, ಅದು ಯಾವುದರಲ್ಲೂ ಚೆನ್ನಾಗಿಯೇ ಕೇಳುತ್ತದೆ.

ನಾನು ಮೊದಲು ಹಾಕುವುದು ಗಿಟಾರ್ ಒಂದೇ ಇರುವ ಹಾಡು. ಬೆರಳು ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಜಾರುವಾಗ ತಂತಿಯ ಮೇಲೆ ಕೀಚ್ ಅನ್ನುವ ಸಣ್ಣ ಸದ್ದು ಬರುತ್ತದೆ. ಅದು ಕೇಳಬೇಕು, ಆದರೆ ಸ್ವರಕ್ಕಿಂತ ಮುಂದೆ ಬಂದು ನಿಲ್ಲಬಾರದು. ಆಮೇಲೆ ಹೆಣ್ಣುದನಿಯ ಹಾಡು. ಸಾಲು ಶುರುವಾಗುವ ಮುಂಚೆ ಉಸಿರು ಎಳೆದುಕೊಂಡದ್ದು ಗೊತ್ತಾಗುತ್ತದಾ? ಕೊನೆಗೆ ಡ್ರಮ್ಸ್, ಬಾಸ್ ಗಿಟಾರ್ ಎರಡೂ ಜೋರಾಗಿರುವುದು. ಡ್ರಮ್ಸ್‌ನ ಗುದ್ದು ಯಾವುದು, ತಂತಿಯ ಗುಂಯ್ ಯಾವುದು ಅಂತ ಬೇರೆ ಬೇರೆಯಾಗಿ ಬೆರಳು ಮಾಡಿ ತೋರಿಸಲು ಬರಬೇಕು. ಎರಡೂ ಸೇರಿ ಒಂದೇ ಮುದ್ದೆಯಾಗಿ ಕೇಳಿದರೆ ಕೆಳಗಿಡಿ.

ಎರಡು ಹೆಡ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅನಿಸುವುದು ಎಲ್ಲರ ಕಿವಿಗೂ ಇರುವ ಮರುಳು. ಉಳಿದ ಸಮಯದಲ್ಲಿ ಹಾಡು ನಿಲ್ಲಿಸಿ, ಹೆಡ್‌ಫೋನ್ ಸುಮ್ನೆ ತಲೆ ಮೇಲೆ ಇಟ್ಟುಕೊಂಡು ಕತ್ತು ಬಗ್ಗಿಸಿ, ಹೊರಳಿಸಿ. ಜಾರುತ್ತದಾ, ಕೀಲು ಕಿರ್ ಅನ್ನುತ್ತದಾ?

## ಇನ್ನೂ ಒಳಗೆ

32 ಓಮ್, 80 ಓಮ್, 250 ಓಮ್ ಅಂತೆಲ್ಲ ಇದೆ. ಆಂಪ್ ಬೇಕಾ?

ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಆಂಪ್ ಅಂದರೆ ಸದ್ದಿಗೆ ಶಕ್ತಿ ಕೂಡಿಸುವ ಪೆಟ್ಟಿಗೆ. ಓಮ್ ಜಾಸ್ತಿ ಇದ್ದರೆ ಅಷ್ಟೇ ಸದ್ದಿಗೆ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಆದರೆ ಓಮ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಪಕ್ಕದಲ್ಲಿರುವ ಸೆನ್ಸಿಟಿವಿಟಿಯನ್ನೂ, ಅಂದರೆ ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಸದ್ದು ಅನ್ನುವುದನ್ನೂ, ನೋಡಬೇಕು.

ಒಂದು ಲೆಕ್ಕ ಮಾಡೋಣ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೋ 250 ಓಮ್‌ನದು, 1 ಮಿಲಿವಾಟ್ ಕೊಟ್ಟರೆ 96 ಡೆಸಿಬಲ್ ಸದ್ದು. ಅರ್ಧ ವೋಲ್ಟ್ ಕೊಡುವ ಸಾಧನಕ್ಕೆ ಹಾಕಿದರೆ ಅದಕ್ಕೆ ಸಿಗುವುದು ಸರಿಯಾಗಿ 1 ಮಿಲಿವಾಟ್, ಅಂದರೆ 96 ಡೆಸಿಬಲ್. ಸಾಕಲ್ಲ ಅನಿಸುತ್ತದೆ. ಆದರೆ ಅದು ಗರಿಷ್ಠ. ಏರಿಳಿತ ಚೆನ್ನಾಗಿರುವ ಸಂಗೀತದಲ್ಲಿ ಸರಾಸರಿ ಅದಕ್ಕಿಂತ 15ರಿಂದ 20 ಡೆಸಿಬಲ್ ಕೆಳಗಿರುತ್ತದೆ. ಮೆಲುದನಿಯ ಭಾಗ ಬಂದಾಗ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನಿಸುತ್ತದೆ. ಅದೇ ಅರ್ಧ ವೋಲ್ಟ್‌ಗೆ 38 ಓಮ್, 99 ಡೆಸಿಬಲ್‌ನ ಎಂ50ಎಕ್ಸ್ 107ರ ಹತ್ತಿರ ಹೋಗುತ್ತದೆ.

ಹಾಗಾಗಿ ಕಂಟ್ರೋಲರ್ ಅಥವಾ ಫೋನ್‌ಗೆ ನೇರ ಚುಚ್ಚುವವರು 80 ಓಮ್ ಒಳಗೆ ಇರಿ. ಪಿಸಿಗೆ ಹಾಕುವವರು 120ರವರೆಗೂ ನಿಶ್ಚಿಂತೆಯಿಂದ ಹೋಗಬಹುದು. 250, 300 ಓಮ್‌ನವಕ್ಕೆ ಸಣ್ಣ ಆಂಪ್ ಇಟ್ಟುಕೊಳ್ಳುವುದು ಒಳ್ಳೆಯದು. ಆಂಪ್ ಹಾಕಿದ ಕೂಡಲೇ ಹೆಡ್‌ಫೋನ್‌ನ ಗುಣವೇ ಬದಲಾಗುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಬೇಕಾದಷ್ಟು ಜೋರಾಗಿ, ಒಡಕಿಲ್ಲದೆ ಕೇಳುತ್ತಿದ್ದರೆ ಆಂಪ್‌ನ ದುಡ್ಡನ್ನು ಹೆಡ್‌ಫೋನ್‌ಗೇ ಹಾಕಿ.

ಪಿಸಿಗೆ ಹಾಕಿದ್ರೆ ಹಿಂದೆ ಸುಯ್ ಅಂತ ಸದ್ದು. ಮೌಸ್ ಆಡಿಸಿದ್ರೆ ಅದೂ ಆಡುತ್ತೆ!

ಕ್ಯಾಬಿನೆಟ್‌ನ ಮುಂದಿನ ತೂತಿಗೆ ಹಾಕಿದ್ದೀರಿ ಅಲ್ವಾ? ಅಲ್ಲಿಂದ ಬೋರ್ಡ್‌ವರೆಗೆ ಒಂದು ತೆಳು ವೈರ್ ಗ್ರಾಫಿಕ್ಸ್ ಕಾರ್ಡ್‌ನ ಪಕ್ಕದಲ್ಲೇ ಹೋಗುತ್ತದೆ. ಒಳಗಿನ ವಿದ್ಯುತ್ ಗದ್ದಲವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಮೊದಲು ಹಿಂದಿನ ಹಸಿರು ತೂತಿಗೆ ಹಾಕಿ ನೋಡಿ. ಆಗಲೂ ಇದ್ದರೆ ಫೋನ್‌ಗೆ ಬರುವಂಥ ಸಣ್ಣ ಯುಎಸ್‌ಬಿ ಡ್ಯಾಕ್, ಅಂದರೆ ಡಿಜಿಟಲ್ ಸದ್ದನ್ನು ಹೆಡ್‌ಫೋನ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಸಾಧನ, ಸಾಕು. ಸದ್ದನ್ನು ಕ್ಯಾಬಿನೆಟ್‌ನ ಹೊರಗೆ ತಯಾರು ಮಾಡುವುದರಿಂದ ಗದ್ದಲ ಬಹುಪಾಲು ಹೋಗುತ್ತದೆ.

ಈಕ್ವಲೈಸರ್ ಹಾಕಿದ್ರೆ ಸದ್ದು ಹಾಳಾಗಲ್ವಾ?

ಈಕ್ವಲೈಸರ್ ಅಂದರೆ ಬಾಸ್, ಟ್ರೆಬಲ್‌ನಂಥವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ವ್ಯವಸ್ಥೆ. ಹಾಳಾಗುತ್ತದೆ ಅನ್ನುವುದು ಹಳೇ ಮಡಿವಂತಿಕೆ. ಮಧ್ಯಮ ಬೆಲೆಯ ಹೆಡ್‌ಫೋನ್‌ಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರವೇ ಈಕ್ವಲೈಸರ್, ಅದೂ ಖರ್ಚಿಲ್ಲದೆ. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನೂರಾರು ಮಾಡೆಲ್‌ಗಳಿಗೆ ಅಳತೆ ಮಾಡಿ ತಯಾರಿಸಿದ ಸೆಟ್ಟಿಂಗ್‌ಗಳು ಆಟೋಈಕ್ಯೂ ಅನ್ನುವ ಕಡೆ ಸಿಗುತ್ತವೆ. ಹೆಚ್ಚಿನವರಿಗೆ ಹಿತವೆನಿಸುವ ಸದ್ದು ಹೇಗಿರಬೇಕು ಅಂತ ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಯವರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ ಒಂದು ಗೆರೆ ಎಳೆದಿದ್ದಾರೆ. ಬಹಳಷ್ಟು ಸೆಟ್ಟಿಂಗ್‌ಗಳು ಆ ಗೆರೆಯ ಕಡೆಗೆ ಎಳೆಯುತ್ತವೆ.

ಒಂದೇ ಎಚ್ಚರಿಕೆ. ಬಾಸ್ ಅನ್ನು 6 ಡೆಸಿಬಲ್ ಏರಿಸಿದರೆ, ಪ್ರಿಆಂಪ್ ಅನ್ನುವ ಒಟ್ಟು ಸದ್ದಿನ ಮಟ್ಟವನ್ನು 6 ಡೆಸಿಬಲ್ ಇಳಿಸಿ. ಇಲ್ಲದಿದ್ದರೆ ಜೋರಾದ ಜಾಗದಲ್ಲಿ ಸದ್ದು ಒಡೆಯುತ್ತದೆ. ಆನ್‌ಲೈನ್‌ನಲ್ಲಿ ಪೈಪೋಟಿಯಿಂದ ಆಡುವವರು ಎರಡು ಸೆಟ್ಟಿಂಗ್ ಇಟ್ಟುಕೊಳ್ಳಿ: ಹಾಡಿಗೆ ಬಾಸ್ ಇರುವುದು, ಆಟಕ್ಕೆ ಬಾಸ್ ತಗ್ಗಿಸಿದ್ದು. ಎರಡು ಹೆಡ್‌ಫೋನ್ ಕೊಳ್ಳುವ ಆಸೆ ಅಲ್ಲಿಗೇ ತೀರುತ್ತದೆ.

ಹೊಸ ಹೆಡ್‌ಫೋನ್‌ನ ನೂರು ಗಂಟೆ ಓಡಿಸಿ ಪಳಗಿಸಬೇಕಂತೆ?

ಪಳಗುವುದು ನಿಮ್ಮ ಕಿವಿ, ಸ್ವಲ್ಪ ಮೆತ್ತಗಾಗುವುದು ಪ್ಯಾಡ್. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಓಡಿಸುತ್ತಾ ಕೂರಬೇಡಿ.

ಪ್ಲಾನರ್ ಅಂತಾರಲ್ಲ, ಅದು ಚೆನ್ನಾಗಿರುತ್ತಾ?

ಪ್ಲಾನರ್ ಅಂದರೆ ಅಯಸ್ಕಾಂತದ ಸಾಲಿನ ಪಕ್ಕದಲ್ಲಿ ತೆಳು ಹಾಳೆ ಅದುರಿ ಸದ್ದು ಮಾಡುವ ಹೆಡ್‌ಫೋನ್. ಅದರಲ್ಲಿ ಬಾಸ್ ಬಿಗಿಯಾಗಿ, ತೀರಾ ಕೆಳಗಿನವರೆಗೂ ಇಳಿಯುತ್ತದೆ. ಹೈಫೈಮ್ಯಾನ್‌ನಂಥ ಕಂಪನಿಗಳಿಂದಾಗಿ ಈಗ ಮಧ್ಯಮ ಬೆಲೆಗೂ ಸಿಗುತ್ತವೆ. ಆದರೆ ಅಯಸ್ಕಾಂತದ ಸಾಲಿನಿಂದಾಗಿ ತೂಕ ಜಾಸ್ತಿ, ಹಲವಕ್ಕೆ ಆಂಪ್ ಬೇಕು. ಮೊದಲ ಹೆಡ್‌ಫೋನ್ ಆಗಿ ನಾನು ಹೇಳುವುದಿಲ್ಲ.

ಎಷ್ಟು ಜೋರಾಗಿ ಕೇಳಬಹುದು?

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 40 ಗಂಟೆ, 80 ಡೆಸಿಬಲ್. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ವಾರಕ್ಕೆ 5 ಗಂಟೆ ಅಂದರೆ ಒಂದು ಭಾನುವಾರದ ಆಟ.

ಮನೆಯಲ್ಲಿ ಅಳೆಯಲು ಮೀಟರ್ ಇರುವುದಿಲ್ಲ. ಆಟ ಮುಗಿಸಿ ಹೆಡ್‌ಫೋನ್ ತೆಗೆದಾಗ ಕಿವಿಯಲ್ಲಿ ಗುಂಯ್ ಅಂದರೆ, ಸುತ್ತಲಿನ ಮಾತು ದೂರದಿಂದ ಬಂದ ಹಾಗೆ ಅನಿಸಿದರೆ, ಜೋರಾಯಿತು ಅಂತ ಅರ್ಥ. ಗದ್ದಲದ ಕೋಣೆಯಲ್ಲಿ ಓಪನ್ ಬ್ಯಾಕ್ ಹಾಕಿಕೊಂಡವರು ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಅಂಥ ಕೋಣೆಗೆ ಕ್ಲೋಸ್ಡ್ ಬ್ಯಾಕ್ ಹೇಳಲು ಇದೂ ಒಂದು ಕಾರಣ.

ಎಷ್ಟು ವರ್ಷ ಬಾಳಿಕೆ ಬರುತ್ತೆ?

ಡ್ರೈವರ್ ಹಾಳಾಗುವುದು ಅಪರೂಪ. ಮೊದಲು ಹೋಗುವುದು ಪ್ಯಾಡ್, ಆಮೇಲೆ ಕೇಬಲ್‌ನ ಬುಡ, ಆಮೇಲೆ ಕೀಲು.

ನನ್ನ ಮೊದಲ ಹೆಡ್‌ಸೆಟ್ ದೀಪ, 7.1, ಎಲ್ಲಾ ಇದ್ದದ್ದು. ವರ್ಷ ತುಂಬುವ ಮುಂಚೆ ರೆಕ್ಸಿನ್ ಸುಲಿಯಲು ಶುರುವಾಯಿತು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕಿವಿಯ ಹಿಂದಿನ ಕಪ್ಪು ಚೂರು ಆರಿಸುವುದೇ ಕೆಲಸ. ಹೊಸ ಪ್ಯಾಡ್ ಕೇಳಿದರೆ ಆ ಮಾಡೆಲ್‌ಗೆ ಬಿಡಿ ಪ್ಯಾಡ್ ಇಲ್ಲವೇ ಇಲ್ಲ ಅಂದರು. ಅಂಟು ಟೇಪ್ ಸುತ್ತಿ ಇನ್ನೂ ಕೆಲವು ತಿಂಗಳು ತಳ್ಳಿದೆ. ಕೊನೆಗೆ ಪ್ಲಾಸ್ಟಿಕ್ ಕೀಲು ಕೈಯಲ್ಲೇ ಮುರಿಯಿತು. ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು.

ಅಂದಿನಿಂದ ನಾನು ಮೊದಲು ಹುಡುಕುವುದು ಬಿಡಿಭಾಗದ ಪಟ್ಟಿ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ, ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ. ಇಂಥವಕ್ಕೆ ಇವತ್ತಿಗೂ ಪ್ಯಾಡ್ ಸಿಗುತ್ತದೆ. ಪ್ಯಾಡ್ ಬದಲಿಸುವಾಗ ಅದೇ ಮಾಡೆಲ್‌ನದನ್ನೇ ಹಾಕಿ. ಪ್ಯಾಡ್‌ನ ದಪ್ಪ, ಬಟ್ಟೆ ಬದಲಾದರೆ ಸದ್ದೂ ಬದಲಾಗುತ್ತದೆ.

ಇಷ್ಟೆಲ್ಲ ಓದೋಕೆ ಪುರುಸೊತ್ತಿಲ್ಲ. ಸುಮ್ನೆ ಒಂದು ಹೆಸರು ಹೇಳಿ

ಕೊನೆಗೆ ಎಲ್ಲರೂ ಕೇಳುವುದು ಇದನ್ನೇ. ನಿಮ್ಮದೇ ಕೋಣೆ, ಪಿಸಿ ಅಂದರೆ ಸೆನ್‌ಹೈಸರ್ ಎಚ್‌ಡಿ 560ಎಸ್. ಓಪನ್ ಬ್ಯಾಕ್, 120 ಓಮ್, ಹಗುರ. ದಿಕ್ಕು ಚೆನ್ನಾಗಿ ಗೊತ್ತಾಗುತ್ತದೆ, ಹಾಡಿಗೂ ಸಮ. ಬಾಸ್‌ಪ್ರಿಯರಿಗೆ ಮಾತ್ರ ಈಕ್ವಲೈಸರ್ ಬೇಕಾಗುತ್ತದೆ. ಜನರಿರುವ ಮನೆ ಅಂದರೆ ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ, 80 ಓಮ್‌ನದು. ವೆಲೂರ್ ಪ್ಯಾಡ್, ಗಟ್ಟಿಮುಟ್ಟು, ಬಿಡಿಭಾಗ ಸಿಗುತ್ತದೆ. ಕೇಬಲ್ ಮಾತ್ರ ಬಿಚ್ಚಲು ಬರುವುದಿಲ್ಲ, ಮೂರು ಮೀಟರ್ ಉದ್ದ ಬೇರೆ. ಟ್ರೆಬಲ್ ಕೆಲವರಿಗೆ ಚುರುಕೆನಿಸುತ್ತದೆ. ಮೈಕ್ ಸಮೇತ ಒಂದೇ ಬೇಕು, ಕಂಟ್ರೋಲರ್‌ಗೆ ಚುಚ್ಚುತ್ತೇನೆ ಅಂದರೆ ಹೈಪರ್‌ಎಕ್ಸ್ ಕ್ಲೌಡ್ 2. ಮೈಕ್ ಬಿಚ್ಚಿಡಬಹುದು, ಪಟ್ಟಿ ಲೋಹದ್ದು, ಹಾಡು ತಕ್ಕಮಟ್ಟಿಗೆ.

ಹೆಸರು ಕೇಳಿ ಹೋದವರಲ್ಲಿ ಒಬ್ಬರು ಡಿಟಿ 770ರ 250 ಓಮ್‌ನದನ್ನು ತಂದು, ಕಂಟ್ರೋಲರ್‌ಗೆ ಹಾಕಿ, ಸದ್ದೇ ಸಾಲದು ಅಂತ ಫೋನ್ ಮಾಡಿದ್ದರು. ಒಂದೇ ಹೆಸರಲ್ಲಿ ಮೂರು ನಾಲ್ಕು ಓಮ್‌ನವು ಬರುತ್ತವೆ. ದುಡ್ಡು ಕೊಡುವ ಮುಂಚೆ ಡಬ್ಬಿ ತಿರುಗಿಸಿ ಆ ಅಂಕಿ ಓದಿ.